ನಿಂತ ಫ್ಯಾನು, ಒದ್ದೆ ಅರಿವೆ

ಬಸವಕಲ್ಯಾಣದ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಮುನೀಮ. ಮುನೀಮನೆಂದರೆ ಗಾದಿಯ ಮೇಲೆ ಕೂತು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೆಂಪು ವಹಿ ಬರೆಯುವವನೆಂದು ಯಾರಾದರೂ ತಿಳಿದಿದ್ದರೆ ಆ ಕಾಲ ಹೋಯಿತು. ನಾನು ಕಂಪ್ಯೂಟರಿನ ಮುಂದೆ ಕೂತು ಬಿಲ್ಟಿ ತೆಗೆಯುತ್ತೇನೆ. ಯಾವ ಲಾರಿಯಲ್ಲಿ ಯಾರ ಮಾಲು ಎಲ್ಲಿಗೆ ಹೊರಟಿದೆ ಎಂದು ಬರೆದ ಕಾಗದವೇ ಬಿಲ್ಟಿ. ಅದು ಕೈಗೆ ಬಾರದೆ ಯಾವ ಡ್ರೈವರನೂ ಗಾಡಿ ಹೊರಡಿಸುವುದಿಲ್ಲ. ಹೀಗಾಗಿ ಆರಡಿ ಆಳುಗಳೂ ನನ್ನ ಮೇಜಿನ ಮುಂದೆ ಬಂದರೆ ಸ್ವಲ್ಪ ಬಾಗಿ ನಿಲ್ಲುತ್ತಾರೆ. ಈ ಗತ್ತು ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ.

ಆ ಗತ್ತೆಲ್ಲ ಒಂದು ಕರೀ ಪೆಟ್ಟಿಗೆಯ ಮೇಲೆ ನಿಂತಿದೆ ಎಂಬುದು ದೀಪಾವಳಿಗೆ ನಾಲ್ಕು ದಿನ ಇರುವಾಗ ಗೊತ್ತಾಯಿತು. ಲಾತೂರಿಗೆ ಹೊರಟ ಸೋಯಾ ಲಾರಿಯ ಬಿಲ್ಟಿ ಅರ್ಧ ಆಗಿತ್ತು. ಪರದೆ ಒಮ್ಮೆಲೇ ಕಪ್ಪಾಯಿತು. ಕರೆಂಟ್ ಹೋಯಿತೇನೋ ಎಂದು ತಲೆ ಎತ್ತಿ ನೋಡಿದರೆ ಮೇಲೆ ಪಂಖಾ ತಿರುಗುತ್ತಲೇ ಇದೆ. ಮತ್ತೆ ಚಾಲೂ ಮಾಡಿದೆ. ಹತ್ತು ನಿಮಿಷ ಚೆನ್ನಾಗಿ ನಡೆದು, ನಾನು ಚೀಲದ ಲೆಕ್ಕ ಹಾಕುವಷ್ಟರಲ್ಲಿ ಮತ್ತೆ ಕಪ್ಪು. ಮೂರನೆಯ ಸಲ ಐದೇ ನಿಮಿಷ. ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನಂತೆ ಸುಡುತ್ತಿತ್ತು.

ನಮ್ಮ ಪೆಟ್ಟಿಗೆಯ ನೆತ್ತಿಯ ಮೇಲೆ ಸಣ್ಣ ಸಣ್ಣ ತೂತಿನ ಜಾಳಿ ಇದೆ. ಅದರ ಕೆಳಗೆ ಅಂಗೈಯಗಲದ ಒಂದು ಫ್ಯಾನು. ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆ ತಳ್ಳುವುದು ಅದರ ಕೆಲಸ. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದೆ. ಫ್ಯಾನು ನಿಂತಿತ್ತು. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲೇ ಗುಂಯ್ ಅನ್ನುತ್ತಿದ್ದ ಸದ್ದು ಇಲ್ಲವಾಗಿದ್ದು ಯಾವಾಗ ಎಂದು ನನಗೆ ತಿಳಿದೇ ಇರಲಿಲ್ಲ.

ನಾನು ಮಾಡಿದ ರಿಪೇರಿ ಹೇಳಿದರೆ ನಗೆ ಬರುತ್ತದೆ. ಮೊದಲು ಹಳೆಯ ರೇಡಿಯೋಕ್ಕೆ ಹೊಡೆಯುವಂತೆ ಬದಿಗೆ ಎರಡು ಏಟು ಹಾಕಿದೆ. ಆಮೇಲೆ ಜಾಳಿಗೆ ಬಾಯಿಟ್ಟು ಊದಿದೆ. ಧೂಳೆಲ್ಲ ಎದ್ದು ನನ್ನ ಕಣ್ಣಿಗೇ ಬಿತ್ತು. ಕೊನೆಗೆ ಸಾವ್ಕಾರರ ಕೋಣೆಯ ಟೇಬಲ್ ಫ್ಯಾನು ತಂದು ಪೆಟ್ಟಿಗೆಯ ಕಡೆ ಮುಖ ಮಾಡಿ ಇಟ್ಟೆ. ಬಿಲ್ಟಿಗಾಗಿ ಕಾಯುತ್ತಿದ್ದ ಹಿರಿಯ ಡ್ರೈವರ್ ಸುಮ್ಮನಿರಬೇಕಲ್ಲ.

“ಮುನೀಮ್ರ, ಮಶಿನ್‌ಗಿ ಜ್ವರ ಬಂದದೇನ್ರಿ? ಹಣಿ ಮ್ಯಾಲ ಪಟ್ಟಿ ಹಾಕ್ರಿ.”

“ನೀ ಸುಮ್ನ ಕೂಡು,” ಎಂದೆ. ನನಗೆ ಸಿಟ್ಟು ಬೇಗ ಬರುತ್ತದೆ. ಬಂದ ಸಿಟ್ಟು ಎಲ್ಲಾದರೂ ಇಳಿಯಬೇಕು, ಅದೂ ನನ್ನ ಮೇಲಂತೂ ಇಳಿಯಬಾರದು. ಇದು ನನ್ನ ಹಳೆಯ ರೋಗ, ಮನೆಯಲ್ಲಿ ಕೇಳಿದರೆ ಇನ್ನೂ ವಿವರವಾಗಿ ಹೇಳುತ್ತಾರೆ.

ಅಷ್ಟರಲ್ಲಿ ಸಾವ್ಕಾರರು ಬಂದರು. ಅವರು ನಮ್ಮ ಮಾಲಕರು, ಕೆಟ್ಟವರಲ್ಲ, ಆದರೆ ಹಬ್ಬದ ಹೊತ್ತಿಗೆ ಲಾರಿ ನಿಂತರೆ ಅವರಿಗೆ ಎದೆಯೇ ನಿಂತಂತಾಗುತ್ತದೆ. ಒಳಗಿನ ಕೋಣೆಗೆ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು.

“ಯಾರ್ ಕೈ ಹಚ್ಚಿದ್ರು ಅದಕ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆ ಯಂತ್ರವನ್ನು ದಿನಾ ಮುಟ್ಟುವವನು ನಾನೊಬ್ಬನೇ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ನಿನ್ನಿ ಮೌಶಿ ಆಫೀಸೆಲ್ಲ ತೊಳ್ದಾಳ್ರಿ, ಹಬ್ಬಕ್ಕಂತ. ಹಸಿ ಅರಿವಿಲೆ ಡಬ್ಬಿನೂ ಒರ್ಸಿರ್ಬೇಕು. ಮ್ಯಾಲಿನ ತೂತಿನಾಗ ನೀರ್ ಇಳ್ದಿರ್ಬೇಕ್ರಿ.”

ಇರಬೇಕು, ಇರಬೇಕು ಎಂದು ಹೇಳುತ್ತಾ ಹೋದ ಹಾಗೆ ಅದು ನಡೆದೇ ಹೋಗಿದೆ ಎಂದು ನನಗೇ ಅನಿಸತೊಡಗಿತು. ಆಕೆ ಒದ್ದೆ ಅರಿವೆ ಹಿಡಿದು ಪೆಟ್ಟಿಗೆಯ ಮೇಲೆ ಬಾಗಿದ್ದನ್ನು ಕಂಡಷ್ಟು ಸ್ಪಷ್ಟವಾಗಿತ್ತು. ನಾನು ಕಂಡಿರಲಿಲ್ಲ.

ಮೌಶಿ ಎಂದರೆ ನಮ್ಮ ಆಫೀಸಿನ ಕಸ ಬಳಿದು, ನೀರು ತುಂಬಿ, ಚಹಾ ಮಾಡುವ ಹೆಂಗಸು. ವಯಸ್ಸು ಐವತ್ತು ದಾಟಿದೆ. ನಾರಾಯಣಪುರದಿಂದ ಬೆಳಿಗ್ಗೆ ಟಂಟಂ ಆಟೋ ಹತ್ತಿ ಬಂದು, ನಾವೆಲ್ಲ ಬರುವ ಮೊದಲೇ ಬಾಗಿಲ ಮುಂದೆ ನೀರು ಚಿಮುಕಿಸಿರುತ್ತಾಳೆ. ಮೊದಲು ಹೊಲದ ಕೂಲಿಗೆ ಹೋಗುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಕೂತೆದ್ದು ಕಳೆ ತೆಗೆಯುವುದು ಆಗದೆ ಈ ಕೆಲಸಕ್ಕೆ ಬಂದವಳು. ಹನ್ನೊಂದು ವರ್ಷವಾಯಿತು. ಈ ವರ್ಷಗಳಲ್ಲಿ ಆಕೆಯ ಕೈಯಿಂದ ಒಂದು ಚಹಾದ ಗ್ಲಾಸು ಒಡೆದದ್ದೂ ನನಗೆ ನೆನಪಿಲ್ಲ.

ಸಾವ್ಕಾರರು ಆಕೆಯನ್ನು ಹೊರಗಿನ ಹಾಲಿಗೆ ಕರೆದರು. ಹಿರಿಯ ಡ್ರೈವರನೂ ಅಲ್ಲೇ ಇದ್ದ, ಇನ್ನಿಬ್ಬರು ಹಮಾಲರೂ ಇದ್ದರು.

“ಮಶಿನ್ ಮ್ಯಾಲ ನೀರ್ ಹಾಕಿದ್ಯೇನು?”

“ಇಲ್ರಿ ಸಾವ್ಕಾರ್ರ. ಒಣ ಅರಿವಿಲೆ ಒರ್ಸೀನ್ರಿ. ಅದಕ ನೀರ್ ಹಚ್ಚಬಾರ್ದಂತ ನನಗ ಗೊತ್ತದ.”

“ಹಂಗಾರ ತಾನಾಗೇ ಕೆಡ್ತೇನು?”

ಇದಕ್ಕೆ ಆಕೆ ಏನು ಹೇಳಬೇಕು? ಸುಮ್ಮನೆ ನಿಂತಳು. ಸುಮ್ಮನೆ ನಿಂತವರದೇ ತಪ್ಪು ಎಂದು ನಮ್ಮ ಕಡೆ ಲೆಕ್ಕ. ಸಾವ್ಕಾರರು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು.

“ಮುನೀಮ್ರ, ನಾಳಿ ಇದನ್ನ ಹುಮ್ನಾಬಾದಕ ಒಯ್ರಿ. ನೀರ್ ಬಿದ್ದದ ಅಂದ್ರ, ಹಬ್ಬ ಮುಗದ ಮ್ಯಾಲ ಈಕಿ ಬರೂದು ಬ್ಯಾಡ. ಬ್ಯಾರೆಯವ್ರನ್ನ ನೋಡೂಣ.”

ನಮ್ಮ ಓಣಿಯಲ್ಲಿ ಇರುವುದು ಒಟ್ಟು ಎಂಟು ಹತ್ತು ಆಫೀಸು, ಅಂಗಡಿ. ಒಂದರಲ್ಲಿ ‘ಮಶಿನ್ ಕೆಡಿಸಿದಾಕಿ’ ಎಂದು ಹೊರಬಿದ್ದವಳನ್ನು ಇನ್ನೊಂದರಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊಲಕ್ಕೆ ಹಿಂದಿರುಗಲು ಮೊಣಕಾಲು ಬಿಡುವುದಿಲ್ಲ. ಇದು ನನಗೂ ಗೊತ್ತಿತ್ತು, ಸಾವ್ಕಾರರಿಗೂ ಗೊತ್ತಿತ್ತು, ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆಕೆ ಅಳಲಿಲ್ಲ. ಚಹಾದ ಗ್ಲಾಸುಗಳನ್ನು ತೊಳೆದಿಟ್ಟು, ಹೋಗುವಾಗ ನನ್ನ ಮೇಜಿನ ಹತ್ತಿರ ಬಂದಳು.

“ಮುನೀಮ್ರ, ಛಲೋತ್ನಂಗ ನೋಡ್ಸ್ಕೊಂಡ್ ಬರ್ರಿ,” ಎಂದಳು.

ನನಗೆ ಅದೂ ಸೇರಲಿಲ್ಲ. ನನಗೇ ಕೆಲಸ ಹೇಳಿಕೊಡುತ್ತಾಳಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮನೆಯ ಹಳೇ ಚಾದರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ನೆಲದ ಮೇಲೆ ಇಟ್ಟರೆ ಜೋಲಿ ಹೊಡೆದು ಇನ್ನೇನಾದರೂ ಆದೀತೆಂದು ತೊಡೆಯ ಮೇಲೆಯೇ ಇಟ್ಟುಕೊಂಡೆ. ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು, ನಿರ್ಣಾಕ್ಕೆ ಮಗಳ ಮನೆಗೆ ಹೊರಟವಳು. ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ಕೇಳಿದಳು.

“ಏನದ ಯಪ್ಪಾ ಅದ್ರಾಗ?”

“ಕಂಪ್ಯೂಟರ್ ಅವ್ವಾ. ಕೆಟ್ಟದ, ರಿಪೇರಿಗಿ ಒಯ್ಯಾಕತ್ತೀನಿ.”

“ಯಾರ್ ಕೆಡ್ಸಿದ್ರು?”

ಎಲ್ಲರಿಗೂ ಅದೇ ಬೇಕು, ಯಾರು ಕೆಡಿಸಿದರು. ಹೇಗೆ ಕೆಟ್ಟಿತು ಎಂದು ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. “ಗೊತ್ತಿಲ್ಲವ್ವಾ,” ಎಂದು ಕಿಟಕಿಯ ಕಡೆ ತಿರುಗಿದೆ. ಆ ಮಾತು ಬಾಯಿಂದ ಬಂದ ಮೇಲೆಯೇ ಅದು ನಿಜವೆಂದು ಹೊಳೆಯಿತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಬ್ಬಳ ಅನ್ನಕ್ಕೆ ಕೈ ಹಾಕಿ ಬಂದಿದ್ದೆ.

ರಾಜೇಶ್ವರ ಹೋಯಿತು. ರಸ್ತೆಯ ಎರಡೂ ಕಡೆ ಸೋಯಾ ಕೊಯ್ದ ಹೊಲಗಳು, ನಡುನಡುವೆ ಎದೆಮಟ್ಟ ನಿಂತ ತೊಗರಿ. ತೊಡೆಯ ಮೇಲಿನ ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇವತ್ತು ಮುಚ್ಚಿಡದೆ ಬರೆಯುತ್ತೇನೆ. ಒಳಗೆ ನೀರೇ ಬಿದ್ದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನೀರು ಬಿದ್ದಿದ್ದರೆ ನನ್ನ ಮಾತು ನಿಜವಾಗುತ್ತಿತ್ತು. ಆಕೆಯ ಕೆಲಸ ಹೋಗುತ್ತಿತ್ತು, ಹೋಗಲಿ, ನಾನು ಸುಳ್ಳನಾಗುತ್ತಿರಲಿಲ್ಲ. ಮನುಷ್ಯ ಇಷ್ಟು ಸಣ್ಣವನಾಗಬಹುದೆಂದು ಕಥೆ ಕೇಳಿದ್ದೆ. ನನ್ನೊಳಗೇ ಕಂಡದ್ದು ಆ ಬಸ್ಸಿನಲ್ಲಿ.

ಹುಮನಾಬಾದಿನಲ್ಲಿ ನಮಗೆ ಆ ಯಂತ್ರ ಕೊಟ್ಟವರು ಒಬ್ಬ ಹಿರಿಯರು. ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ. ಹುಡಗಿ ಎಂಬ ಊರಿನವರು. ಮೊದಲು ರೇಡಿಯೋ, ನಂತರ ಕೂಲರ್, ಈಗ ಕಂಪ್ಯೂಟರ್. ಅಂಗಡಿಯಲ್ಲಿ ಮೂರೂ ಕಾಲದ ಎಲುಬುಗಳು ಬಿದ್ದಿವೆ. ಬಾಗಿಲಲ್ಲಿ ನನ್ನನ್ನು ಕಂಡವರೇ ಸ್ಟೂಲ್ ಸರಿಸಿದರು.

“ಆಯಿಯೇ ಮುನೀಮ್ ಸಾಬ್. ಏನ್ ತಕಲೀಫ್ ಅದ?”

“ಫ್ಯಾನ್ ತಿರುಗವಲ್ದ್ರಿ ಉಸ್ತಾದ್. ನೀರ್ ಬಿದ್ದದ ಅನಸ್ತದ.”

“ಅನಸೂದು ಬಿಡ್ರಿ. ನೋಡೂಣ.”

ಬದಿಯ ತಗಡು ಬಿಚ್ಚಿದರು. ಮೊದಲು ಏನನ್ನೂ ಮುಟ್ಟಲಿಲ್ಲ. ಮೂಗು ಒಳಗಿಟ್ಟು ವಾಸನೆ ನೋಡಿದರು. ಆಮೇಲೆ ತಳದಲ್ಲಿ ಕೂತ ಧೂಳನ್ನು ಎರಡು ಬೆರಳಲ್ಲಿ ತೆಗೆದು ನನ್ನ ಅಂಗೈಗೆ ಉದುರಿಸಿದರು.

“ಏನಿದು?”

“ಧೂಳ್ರಿ.”

“ಹ್ಯಾಂಗ ಅದ?”

“ಪುಡಿ ಅದ.”

“ನೀರ್ ಬಿದ್ದಿದ್ರ ಗಟ್ಟಿ ಆಗಿರ್ತಿತ್ತು, ಹಪ್ಪಳದಂಗ. ಇಲ್ಲಿ ಒಂದ್ ಹನಿನೂ ಬಿದ್ದಿಲ್ಲ.”

ಇಷ್ಟೇ. ನಾನು ಬಸ್ಸಿನಲ್ಲಿ ಮುಕ್ಕಾಲು ಗಂಟೆ ಬೇಡಿಕೊಂಡದ್ದು ಒಂದು ಚಿಟಿಕೆ ಧೂಳಿನಲ್ಲಿ ಹೋಯಿತು. ಆದರೆ ವಿಚಿತ್ರ ನೋಡಿ, ನನಗೆ ದುಃಖವಾಗಲಿಲ್ಲ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತಾಯಿತು. ಆಕೆ ಮಾಡಿಲ್ಲ. ಹಾಗಾದರೆ ತಾನಾಗಿಯೇ ಕೆಟ್ಟಿದೆ, ಯಾರ ತಪ್ಪೂ ಇಲ್ಲ. ಹೋಗಿ ಹಾಗೇ ಹೇಳಿದರಾಯಿತು ಎಂದುಕೊಂಡು ಉಸ್ತಾದರು ತರಿಸಿದ ಚಹಾ ಕುಡಿದೆ.

ಉಸ್ತಾದರು ತಮ್ಮ ಕೆಲಸ ಮುಂದುವರಿಸಿದರು. ಫ್ಯಾನಿನ ವೈರು ಬೋರ್ಡಿಗೆ ಸೇರುವ ಕಡೆ ಒತ್ತಿ ನೋಡಿದರು, ಸಡಿಲವಾಗಿರಲಿಲ್ಲ. ಅದನ್ನು ಕಿತ್ತು, ಅದೇ ಜಾಗಕ್ಕೆ ತಮ್ಮ ಡಬ್ಬದಲ್ಲಿದ್ದ ಬೇರೆ ಫ್ಯಾನಿನ ವೈರು ಚುಚ್ಚಿ ಚಾಲೂ ಮಾಡಿದರು. ಮೇಜಿನ ಮೇಲೆ ಆ ಫ್ಯಾನು ಗಿರ್ರನೆ ತಿರುಗಿತು.

“ಅಂದ್ರ ಕರೆಂಟ್ ಬರಾಕತ್ತದ. ಬೋರ್ಡ್ ತಬಿಯತ್ ಬರೋಬರಿ ಅದ. ಬ್ಯಾನಿ ಇರೂದು ಈ ಫ್ಯಾನಿನಾಗೇ,” ಎಂದು ಬಟನ್ ಬಂದ್ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ ನಮ್ಮ ಫ್ಯಾನನ್ನು ಹೊರಗೆ ತೆಗೆದರು. ಬೆರಳಿನಿಂದ ಅದರ ರೆಕ್ಕೆ ತಿರುಗಿಸಿದರು. ಸ್ವಲ್ಪ ತಿರುಗಿ ಟಕ್ ಎಂದು ನಿಂತಿತು. ಹಿಂದಕ್ಕೆ ತಿರುಗಿಸಿದರು. ಮತ್ತೆ ಅದೇ ಜಾಗದಲ್ಲಿ ಟಕ್.

“ಬೇರಿಂಗ್ ಹೋಗಿದ್ರ ಎಲ್ಲಾ ಕಡಿ ಬಿಗಿ ಇರ್ತದ. ಇದು ಒಂದ ಕಡಿ ತಡ್ಯಾಕತ್ತದ. ಯಾರೋ ನಡಕ ಕುಂತಾರ.”

ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಚಿಮಟಿಗೆಯಿಂದ ಏನನ್ನೋ ಎಳೆದರು. ಬೆರಳುದ್ದದ ಒಣ ಕಡ್ಡಿ. ಅದರ ಒಂದು ಮುಳ್ಳು ರೆಕ್ಕೆಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತ್ತು. ತುದಿಯಲ್ಲಿ ಮೂರು ನಾಲ್ಕು ಸಣ್ಣ ಎಲೆ, ಮುಟ್ಟಿದರೆ ಉದುರುವಂಥವು. ಉಸ್ತಾದರು ಅದನ್ನು ಪೇಪರಿನ ಮೇಲೆ ಇಟ್ಟು ನನ್ನ ಕಡೆ ಸರಿಸಿದರು.

“ಬನ್ನಿ ಅಲ್ಲೇನ್ರಿ ಇದು?”

ಬನ್ನಿಯೇ.

ದಸರೆಯಲ್ಲಿ ನಮ್ಮ ಆಫೀಸಿನ ಖಂಡೆಪೂಜೆ, ಅಂದರೆ ಆಯುಧಪೂಜೆ, ಜೋರು. ಲಾರಿಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಕಂಪ್ಯೂಟರಿಗೆ ಪೂಜೆ ಮಾಡುವ ಹಕ್ಕು ನನ್ನದು. ಪರದೆಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗುತ್ತೇನೆ. ಮಾರನೆಯ ದಿನ ಬನ್ನಿ. ಡ್ರೈವರುಗಳು, ಹಮಾಲರು, ಪಕ್ಕದ ಅಂಗಡಿಯವರು ಎಲ್ಲ ಬಂದು “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದು ಎಲೆ ಕೊಟ್ಟು ಎದೆಗೆ ಅಪ್ಪಿಕೊಳ್ಳುತ್ತಾರೆ. ಆ ದಿನ ಬನ್ನಿ ಎಂದರೆ ಬಂಗಾರವೇ. ಕಸಕ್ಕೆ ಹಾಕುವ ಹಾಗಿಲ್ಲ, ಕಾಲಿಗೆ ಸಿಗುವ ಹಾಗಿಲ್ಲ. ಮನೆಯಲ್ಲಾದರೆ ದೇವರ ಜಗಲಿಯ ಮೇಲೆ ಇಡುತ್ತೇವೆ. ಡ್ರೈವರುಗಳು ಒಂದೊಂದು ಟೊಂಗೆಯನ್ನು ತಮ್ಮ ಲಾರಿಯ ಮುಂದಿನ ಜಾಳಿಗೆ ಸಿಕ್ಕಿಸುತ್ತಾರೆ, ವರ್ಷವಿಡೀ ಗಾಡಿಗೆ ಒಳ್ಳೆಯದಾಗಲೆಂದು.

ನಾನು ಅದನ್ನು ನೋಡಿದೆ. ಎಲ್ಲರ ಗಾಡಿಗೂ ಇದೆ, ನನ್ನ ಗಾಡಿಗೆ ಬೇಡವೇ ಎಂದುಕೊಂಡೆ. ಹಸಿರಾದ ಒಂದು ಕಡ್ಡಿ ಆರಿಸಿ, ಪೆಟ್ಟಿಗೆಯ ನೆತ್ತಿಯ ಜಾಳಿಯೊಳಗೆ ನಾನೇ, ಇದೇ ಕೈಯಿಂದ ಸಿಕ್ಕಿಸಿದೆ. ಎಲೆ ದಟ್ಟವಾಗಿದ್ದುದರಿಂದ ಅದು ತುರಾಯಿಯಂತೆ ಚೆಂದ ನಿಂತಿತು. ಕೈ ಮುಗಿದೆ. ಮುಂದೆ ಅದು ಒಣಗಿ, ಎಲೆ ಉದುರಿ, ತೂತಿನಿಂದ ಜಾರಿ ಒಳಗಿಳಿದದ್ದು ಯಾರಿಗೆ ಗೊತ್ತು? ಕಣ್ಣಿಗೆ ಕಾಣದೇ ಹೋದಾಗ ಮೌಶಿ ಗುಡಿಸಿರಬೇಕು ಎಂದು ತಿಳಿದು ಮರೆತೇಬಿಟ್ಟಿದ್ದೆ.

ಅವತ್ತು ಮೌಶಿ ಆಫೀಸಿನಲ್ಲಿ ಇರಲೇ ಇಲ್ಲ. ಅವರದು ಬೌದ್ಧರ ಮನೆ. ನಾವು ಬನ್ನಿ ಹಂಚುವ ದಿನ ಅವರು ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗುತ್ತಾರೆ. ಪ್ರತಿ ವರ್ಷ ಆ ಒಂದು ದಿನದ ರಜೆಯನ್ನು ಆಕೆ ಒಂದು ವಾರ ಮೊದಲೇ ಕೇಳಿಕೊಳ್ಳುತ್ತಾಳೆ. ಇಡೀ ಆಫೀಸಿನಲ್ಲಿ ಬನ್ನಿಯನ್ನು ಮುಟ್ಟದ ಒಬ್ಬಳೇ ಒಬ್ಬಳ ಮೇಲೆ ನಾನು ಹೊರೆ ಹೊರಿಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎನ್ನುತ್ತಾರಲ್ಲ, ಅದನ್ನು ಓದಿದವನು ನಾನೇ ಮಾಡಿದ್ದೆ.

ಉಸ್ತಾದರು ನನ್ನ ಮುಖ ನೋಡಿದರು. “ನೀವೇ ಇಟ್ಟಿದ್ರೇನು?”

“ಹೌದ್ರಿ.”

“ಇರ್ಲಿ ಬಿಡ್ರಿ. ದಸರಾ ಮುಗದ್ರ ನನಗ ಸುಗ್ಗಿ. ಕೀಬೋರ್ಡಿನಾಗ ತೆಂಗಿನ ನೀರು, ಕೂಲರಿನಾಗ ನಿಂಬಿಹಣ್ಣು, ಪ್ರಿಂಟರಿನಾಗ ಅಕ್ಕಿಕಾಳು, ಎಲ್ಲಾ ನೋಡೀನಿ. ಫ್ಯಾನಿನಾಗ ಬನ್ನಿ ಇದೇ ಪಹಿಲಾ.”

ನನಗೆ ನಗಲಾಗಲಿಲ್ಲ. ಮೌಶಿಯ ಸಂಗತಿಯನ್ನೆಲ್ಲ ಅವರಿಗೆ ಹೇಳಿದೆ. ಯಾಕೆ ಹೇಳಿದೆನೋ, ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ. ಹೇಳಿದ ಮೇಲೆ ಮೆಲ್ಲನೆ ಒಂದು ದಾರಿಯನ್ನೂ ಕೇಳಿದೆ.

“ಉಸ್ತಾದ್, ಬೇರಿಂಗ್ ಸವದಿತ್ತು ಅಂತ ಒಂದು ಚೀಟಿ ಬರ್ದ್ ಕೊಡ್ತೀರೇನು? ಆಕಿದೂ ಉಳೀತದ, ನಂದೂ ಉಳೀತದ.”

ಅವರು ಫ್ಯಾನಿನ ರೆಕ್ಕೆಗಳನ್ನು ಬ್ರಷ್ಷಿನಿಂದ ಒಂದೊಂದಾಗಿ ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು.

“ಬರ್ದ್ ಕೊಡ್ತೀನಿ, ನನಗೇನು. ಆದ್ರ ನಿಮ್ ಸಾವ್ಕಾರ್ರು ಬೇರಿಂಗ್ ಯಾಕ ಹೋತು ಅಂತ ಕೇಳ್ತಾರ. ಆಗ ಮತ್ತ ನೀರಿನ ಮಾತೇ ಬರ್ತದ. ನೀವ್ ಏನಂತೀರಿ ಅವಾಗ?”

ಏನೂ ಅನ್ನುತ್ತಿರಲಿಲ್ಲ. ಸುಮ್ಮನಿರುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ಉಸ್ತಾದರು ಫ್ಯಾನನ್ನು ಜೋಡಿಸಿ ವೈರು ಚುಚ್ಚಿ ಬಟನ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗುಂಯ್ ಎಂಬ ಸದ್ದು ಎದ್ದಿತು. ಜಾಳಿಯ ಮೇಲೆ ಅಂಗೈ ಇಟ್ಟೆ. ಗಾಳಿ ತಣ್ಣಗೆ ತಾಕಿತು. ಅರ್ಧ ಗಂಟೆ ಹಾಗೇ ನಡೆಸಿಟ್ಟರು, ಪೆಟ್ಟಿಗೆ ಬಿಸಿಯಾಗಲೇ ಇಲ್ಲ. ಅಷ್ಟು ಹಗುರವಾದದ್ದು ನನಗೆ ಎಷ್ಟೋ ದಿನದಿಂದ ನೆನಪಿಲ್ಲ. ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಎರಡು ಸಲ ಅದನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಆಫೀಸು ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಸಾವ್ಕಾರರು ಹೊರಗಿನ ಹಾಲಿನಲ್ಲೇ ಕೂತಿದ್ದರು. ಹಿರಿಯ ಡ್ರೈವರನೂ ಹಮಾಲರೂ ಇದ್ದರು. ಮೌಶಿ ಅಷ್ಟೊತ್ತಿಗೆ ಊರಿಗೆ ಹೋಗಿಬಿಟ್ಟಿದ್ದಳು. ನಾನು ಪೆಟ್ಟಿಗೆ ಇಳಿಸಿ, ಕೂರುವ ಮೊದಲೇ ಹೇಳಿದೆ, ಕೂತರೆ ಧೈರ್ಯವೂ ಕೂತುಬಿಡುತ್ತದೆಂದು.

“ನೀರ್ ಬಿದ್ದಿಲ್ರಿ. ನಾ ದಸರಾದಾಗ ಇಟ್ಟ ಬನ್ನಿ ಕಡ್ಡಿ ಒಳಗ ಬಿದ್ದು ಫ್ಯಾನ್ ನಿಂತಿತ್ರಿ. ತಪ್ಪು ನಂದು.”

ಕಡ್ಡಿಯನ್ನು ಮೇಜಿನ ಮೇಲೆ ಇಟ್ಟೆ. ಸಾವ್ಕಾರರು ಅದನ್ನು ನೋಡಿ, ನನ್ನನ್ನು ನೋಡಿ, ಹೊಟ್ಟೆ ಕುಣಿಯುವ ಹಾಗೆ ನಕ್ಕರು.

“ಅಯ್ಯ ಮುನೀಮ್ರ, ಲಕ್ಷ್ಮಿ ಒಳಗ ಹೋಗಿ ಕುಂತಿದ್ಳಲ್ರಿ. ಹೋಗ್ಲಿ ಬ್ಯಾಸರ ಮಾಡ್ಕೋಬ್ಯಾಡ್ರಿ. ದೇವರ ಕೆಲ್ಸ ಮಾಡಾಕ ಹೋಗಿ ಆಗ್ಯದ.”

ಎಲ್ಲರೂ ನಕ್ಕರು. ಹಿರಿಯ ಡ್ರೈವರ್ ಓಡಿ ಹೋಗಿ ಹೋಟೆಲಿನಿಂದ ನನಗೆ ಚಹಾ ತಂದ. ನಾನೂ ನಕ್ಕೆ. ಬದುಕಿಕೊಂಡೆ ಎಂಬ ನಗೆ. ಚಹಾ ಅರ್ಧ ಮುಗಿದಾಗ ಗ್ಲಾಸು ಕೆಳಗಿಟ್ಟೆ. ಒಂದೇ ಫ್ಯಾನು, ಒಂದೇ ಕೇಡು. ಆಕೆ ಮಾಡಿದ್ದಾಳೆ ಎಂದಾಗ ಕೆಲಸದಿಂದ ತೆಗೆಯುವ ಮಾತು, ನಾನು ಮಾಡಿದ್ದೇನೆ ಎಂದಾಗ ಚಹಾ.

“ಮೌಶಿಗಿ ಏನ್ ಹೇಳ್ಲಿ ಸಾವ್ಕಾರ್ರ?”

“ಏನ್ ಹೇಳೂದದ? ಬರ್ಲಿ, ಕೆಲ್ಸ ಮಾಡ್ಕೊಂಡ್ ಹೋಗ್ಲಿ,” ಎಂದು ಅವರು ಫೋನ್ ಎತ್ತಿಕೊಂಡರು.

ಮರುದಿನ ನಾನು ಆಕೆಗಿಂತ ಮೊದಲೇ ಬಂದು ಬೀಗ ತೆಗೆದೆ. ಹನ್ನೊಂದು ವರ್ಷದಲ್ಲಿ ಮೊದಲನೆಯ ಸಲ. ಟಂಟಂ ಇಳಿದು ಬಂದ ಆಕೆ ಬಾಗಿಲು ತೆರೆದಿದ್ದು ಕಂಡು ಅಲ್ಲೇ ನಿಂತಳು. ಏನಾದರೂ ತೀರ್ಮಾನ ಆಗಿಹೋಗಿದೆ ಎಂದು ತಿಳಿದಿರಬೇಕು.

“ಬಾ ಮೌಶಿ,” ಎಂದೆ. “ನೀರ್ ಬಿದ್ದಿಲ್ಲ. ನಾ ಇಟ್ಟ ಬನ್ನಿ ಕಡ್ಡಿ ಸಿಕ್ಕೊಂಡಿತ್ತು. ನಿಂದೇನೂ ತಪ್ಪಿಲ್ಲ. ಸಾವ್ಕಾರ್ರಿಗಿ ಹೇಳೀನಿ.”

ಆಕೆ ಕಟ್ಟೆಯ ಮೇಲೆ ಮೆಲ್ಲನೆ ಕೂತಳು. ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟು, ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಎರಡ್ ದಿನಾತು, ರೊಟ್ಟಿ ಗಂಟಲಾಗ ಇಳಿದಿಲ್ರಿ,” ಎಂದು ಸ್ವಲ್ಪ ನಕ್ಕಳು. ಆ ನಗೆ ಕಂಡು ನನ್ನ ಪಾಲಿನ ಕೆಲಸ ಮುಗಿಯಿತೆಂದುಕೊಂಡೆ. ಮನಸ್ಸು ನಿಜಕ್ಕೂ ತಂಪಾಗಿತ್ತು. ಒಳಗೆ ಹೋಗಿ ಮಶಿನ್ ಚಾಲೂ ಮಾಡಿ ಕೂತೆ.

ಆಕೆ ಕಸ ಬಳಿದಳು, ನೀರು ತುಂಬಿದಳು. ಆಮೇಲೆ ಕೈ ಒರೆಸಿಕೊಂಡು ಮೇಜಿನ ಮುಂದೆ, ಡ್ರೈವರುಗಳು ಬಿಲ್ಟಿಗೆ ನಿಲ್ಲುವ ಜಾಗದಲ್ಲಿ ಬಂದು ನಿಂತಳು. ಬಾಗಿ ನಿಂತಿರಲಿಲ್ಲ.

“ಮುನೀಮ್ರ, ಈಗ ಹೇಳಿದ್ದು ಬರದ್ ಕೊಡ್ರಿ.”

“ಬರದು? ಯಾಕ ಮೌಶಿ? ಎಲ್ಲಾರ ಮುಂದ ಹೇಳೀನಲ್ಲ.”

“ನಾಳಿ ಸಾವ್ಕಾರ್ರೂ ಮರೀತಾರ, ನೀವೂ ಮರೀತೀರಿ. ಮಂದಿ ನೀರಿನ ಮಾತ ಅಷ್ಟೇ ನೆಪ್ಪ ಇಡ್ತಾರ್ರಿ. ಓಣ್ಯಾಗ ಯಾರರ ಕೇಳಿದ್ರ ನನ್ ಹತ್ರ ಏನದ ತೋರ್ಸಾಕ?”

ಮಾತು ಸರಿಯೇ. ಒಂದು ಬಿಳಿ ಹಾಳೆ ತೆಗೆದುಕೊಂಡು ಆಫೀಸಿನ ಭಾಷೆಯಲ್ಲಿ ಅಂದವಾಗಿ ಬರೆದೆ. ಕಂಪ್ಯೂಟರಿನ ಫ್ಯಾನು ನಿಂತದ್ದು ಬನ್ನಿ ಕಡ್ಡಿಯಿಂದ. ಆ ಕಡ್ಡಿ ಇಟ್ಟವನು ನಾನು. ನೀರಿನಿಂದ ಏನೂ ಆಗಿಲ್ಲ. ಈ ಹೆಂಗಸಿನ ತಪ್ಪು ಏನೂ ಇಲ್ಲ. ಕೆಳಗೆ ಸಹಿ ಮಾಡಿ ಆಫೀಸಿನ ಶಿಕ್ಕಾ ಒತ್ತಿದೆ. ಕೊಡುವಾಗ, ನಾನು ಎಷ್ಟು ದೊಡ್ಡ ಮನಸ್ಸಿನವನು ಎಂದು ಒಳಗೊಳಗೇ ಸ್ವಲ್ಪ ಉಬ್ಬಿದ್ದೂ ನಿಜ.

ಆಕೆ ವಿಹಾರದಲ್ಲಿ ಓದು ಕಲಿತವಳು. ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೊನೆಯ ಸಾಲಿನವರೆಗೆ ಓದಿ, ಹಾಳೆಯನ್ನು ಮತ್ತೆ ನನ್ನ ಮುಂದೆ ಇಟ್ಟಳು.

“ಒಂದ್ ಬಿಟ್ಟೀರಿ.”

“ಏನದು?”

“ನೀರ್ ಬಿದ್ದದಂತ ಸಾವ್ಕಾರ್ರಿಗಿ ಹೇಳ್ದವ್ರು ಯಾರು, ಅದನ್ನ ಬರ್ದಿಲ್ರಿ.” ದನಿಯಲ್ಲಿ ಸಿಟ್ಟು ಇರಲಿಲ್ಲ. “ನೀವ್ ಒಳಗ ಹೇಳಾಕತ್ತಾಗ ನಾ ಬಾಗಲ ಹಿಂದ ಕಸ ತುಂಬಾಕತ್ತಿದ್ನಿ.”

ಅಂದರೆ ಆ ದಿನ ಸಾವ್ಕಾರರ ಮುಂದೆ ನಿಂತಾಗಲೂ ಆಕೆಗೆ ಗೊತ್ತಿತ್ತು. ಛಲೋತ್ನಂಗ ನೋಡ್ಸ್ಕೊಂಡ್ ಬರ್ರಿ ಎಂದಾಗಲೂ ಗೊತ್ತಿತ್ತು. ತನ್ನ ಮೇಲೆ ಸುಳ್ಳು ಹೇಳಿದವನ ಕೈಯಲ್ಲೇ ತನ್ನ ಕೆಲಸವನ್ನು ಕಟ್ಟಿ ಹುಮನಾಬಾದಿಗೆ ಕಳಿಸಿ, ಎರಡು ದಿನ ಕಾದಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಯಾಯಿತು, ಆದರೂ ಹೇಳುತ್ತೇನೆ, ಆ ನಾಚಿಕೆಯಲ್ಲೂ ಒಂದು ಸಮಾಧಾನವಿತ್ತು. ಇನ್ನು ಆಕೆಯಿಂದ ಬಚ್ಚಿಡುವುದು ಏನೂ ಉಳಿದಿರಲಿಲ್ಲ.

ಪೆನ್ನು ತೆಗೆದು ಆ ಸಾಲನ್ನೂ ಬರೆದೆ: ‘ನೀರು ಬಿದ್ದಿದೆ ಎಂದು ನೋಡದೆ ಹೇಳಿದವನೂ ನಾನೇ.’ ಅದರ ಕೆಳಗೆ ಇನ್ನೊಮ್ಮೆ ಸಹಿ ಮಾಡಿ, ಇನ್ನೊಮ್ಮೆ ಶಿಕ್ಕಾ ಒತ್ತಿದೆ. ಆಕೆ ಆ ಸಾಲನ್ನು ಎರಡು ಸಲ ಓದಿದಳು. ಶಾಯಿ ಆರುವವರೆಗೆ ಕಾದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸಂಚಿಯಲ್ಲಿ ಇಟ್ಟುಕೊಂಡಳು.

“ಈಗ ಛಾ ಇಡ್ತೀನ್ರಿ,” ಎಂದು ಒಳಗೆ ಹೋದಳು.